ಮನೆಯಲ್ಲಿ ಸತ್ಯವೇದದ ಅಧ್ಯಯನ: ರೂತಳ ಪುಸ್ತಕವನ್ನು ಆಧರಿಸಿದ ಒಂದು ವಿವೇಚನೆ

ಪ್ರವೇಶ

ಕನ್ನಡ ಕ್ರೈಸ್ತ ಕುಟುಂಬಗಳಲ್ಲಿ ಬೈಬಲ್ ಓದುವುದು ಹೊಸ ಸಂಗತಿಯಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿ ಒಟ್ಟಿಗೆ ಕುಳಿತು, ಒಂದು ಗೀತೆ ಹಾಡಿ, ಒಂದು ಅಧ್ಯಾಯ ಓದಿ, ಪ್ರಾರ್ಥಿಸಿ ಏಳುವ ಪದ್ಧತಿ ಹಲವು ತಲೆಮಾರುಗಳಿಂದ ಬಂದದ್ದು. ಆದರೆ ಓದುವುದು ಬೇರೆ, ಅಧ್ಯಯನ ಮಾಡುವುದು ಬೇರೆ. ಓದು ಭಕ್ತಿಯ ನಿತ್ಯಕರ್ಮವಾಗಿ ಮುಗಿಯಬಹುದು. ಅಧ್ಯಯನವಾದರೋ ಪ್ರಶ್ನೆಯಿಂದ ಆರಂಭವಾಗಿ ಪಠ್ಯಕ್ಕೆ ಮರಳಿ ಮರಳಿ ಬರುವ ಶ್ರಮ. ದೇವಶಾಸ್ತ್ರದ ಶಿಕ್ಷಣವಾಗಲಿ, ಹೀಬ್ರೂ ಗ್ರೀಕ್ ಭಾಷೆಗಳ ಪರಿಚಯವಾಗಲಿ ಇಲ್ಲದ ಸಾಮಾನ್ಯ ವಿಶ್ವಾಸಿ ಇಂಥ ಅಧ್ಯಯನವನ್ನು ಮನೆಯಲ್ಲೇ ನಡೆಸಲು ಸಾಧ್ಯವೆ, ಸಾಧ್ಯವಾದರೆ ಅದರ ಕ್ರಮವೇನು, ಅದರಲ್ಲಿ ಕನ್ನಡ ಭಾಷೆಯ ಪಾತ್ರವೇನು ಎಂಬ ಪ್ರಶ್ನೆಗಳನ್ನು ರೂತಳ ಪುಸ್ತಕವನ್ನು ನಿದರ್ಶನವಾಗಿ ಇಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರೂತಳ ಪುಸ್ತಕದ ಆಯ್ಕೆಗೆ ಎರಡು ಕಾರಣಗಳಿವೆ. ನಾಲ್ಕೇ ಅಧ್ಯಾಯಗಳ, 85 ವಾಕ್ಯಗಳ ಈ ಕಿರುಗ್ರಂಥವನ್ನು ಒಂದೇ ಕೂರಿಕೆಯಲ್ಲಿ ಓದಿ ಮುಗಿಸಬಹುದು. ಎರಡನೆಯದಾಗಿ, ಇದು ಬರಗಾಲದಿಂದ ಊರು ಬಿಟ್ಟವರ ಕತೆ. ಪರದೇಶದಲ್ಲಿ ಬಾಳಿದವರ, ಮರಳಿದವರ, ಮರಳಿದವರೊಡನೆ ಪರಕೀಯಳಾಗಿ ಬಂದವಳ ಕತೆ. ಹೊರನಾಡ ಕನ್ನಡಿಗರಿಗೆ ಇದರ ವಸ್ತು ಅಪರಿಚಿತವಲ್ಲ.

ಚಾರಿತ್ರಿಕ ಹಿನ್ನೆಲೆ

ಸಾಮಾನ್ಯ ಜನರು ತಮ್ಮ ಭಾಷೆಯಲ್ಲಿ ಬೈಬಲನ್ನು ಮನೆಯಲ್ಲಿಟ್ಟುಕೊಂಡು ಓದುವುದು ಕ್ರೈಸ್ತ ಚರಿತ್ರೆಯಲ್ಲಿ ಎಲ್ಲ ಕಾಲಕ್ಕೂ ಇದ್ದ ಸೌಲಭ್ಯವಲ್ಲ. ಪಶ್ಚಿಮ ಯುರೋಪಿನಲ್ಲಿ ಶತಮಾನಗಳ ಕಾಲ ಲ್ಯಾಟಿನ್ ಪಠ್ಯವೇ ಪ್ರಧಾನವಾಗಿತ್ತು. ಕೈಬರಹದ ಗ್ರಂಥ ಬಡವನ ಕೈಗೆ ಎಟುಕುವಂಥದೂ ಆಗಿರಲಿಲ್ಲ. ಮುದ್ರಣ ಬಂದ ಮೇಲೆ ಮಾರ್ಟಿನ್ ಲೂಥರನ ಜರ್ಮನ್ ಹೊಸ ಒಡಂಬಡಿಕೆ 1522ರಲ್ಲಿಯೂ ಇಡೀ ಬೈಬಲ್ 1534ರಲ್ಲಿಯೂ ಪ್ರಕಟವಾದವು. 1675ರಲ್ಲಿ ಫಿಲಿಪ್ ಯಾಕೋಬ್ ಸ್ಪೇನರ್ ಎಂಬ ಜರ್ಮನ್ ಬೋಧಕ ಬರೆದ 'ಪಿಯಾ ಡೆಸಿಡೇರಿಯಾ' ಎಂಬ ಕೃತಿ ದೇವಾಲಯದ ಪ್ರಸಂಗವಷ್ಟೇ ಸಾಲದು, ಜನರು ಸಣ್ಣ ಕೂಟಗಳಲ್ಲಿ ಸೇರಿ ಗ್ರಂಥವನ್ನು ಓದಿ ಚರ್ಚಿಸಬೇಕು ಎಂದು ವಾದಿಸಿತು. ಪಯಟಿಸಂ ಎಂದು ಹೆಸರಾದ ಈ ಚಳವಳಿ ವುರ್ಟೆಂಬರ್ಗ್ ಪ್ರಾಂತದಲ್ಲಿ ಆಳವಾಗಿ ಬೇರೂರಿತು.

ಕನ್ನಡಕ್ಕೆ ಈ ಸಂಗತಿ ನೇರವಾಗಿ ಸಂಬಂಧಿಸಿದ್ದು. 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ ಈ ಪರಂಪರೆಯ ಕೂಸು. ಅದರ ಪ್ರಚಾರಕರಲ್ಲಿ ಅನೇಕರು ವುರ್ಟೆಂಬರ್ಗಿನವರು. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಶನ್ 1841ರಲ್ಲಿ ಅಲ್ಲಿ ಮುದ್ರಣಾಲಯವನ್ನು ತೆರೆಯಿತು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ ಇಬ್ಬರೂ ಈ ಸಂಸ್ಥೆಯವರೇ. ಇದಕ್ಕೂ ಮೊದಲು ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಅನುವಾದಕ್ಕೆ ತೊಡಗಿದ್ದನು. ಅವನ ಮತ್ತು ಸಹೋದ್ಯೋಗಿಗಳ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಲಭ್ಯವಾಯಿತು. ಸಹೋದ್ಯೋಗಿಯಾದ ವಿಲಿಯಂ ರೀವ್ 1824ರಲ್ಲಿಯೂ 1832ರಲ್ಲಿಯೂ ನಿಘಂಟುಗಳನ್ನು ಪ್ರಕಟಿಸಿದನೆಂಬುದು ಗಮನಾರ್ಹ. ಅನುವಾದವೂ ಕೋಶರಚನೆಯೂ ಒಂದೇ ಮೇಜಿನ ಮೇಲೆ ನಡೆದ ಕೆಲಸಗಳಾಗಿದ್ದವು.

ಕಥೋಲಿಕ ಸಭೆಯಲ್ಲಿಯೂ 1965ರಲ್ಲಿ ಎರಡನೆಯ ವ್ಯಾಟಿಕನ್ ಸಮ್ಮೇಳನ ಹೊರಡಿಸಿದ 'ದೇಯಿ ವೆರ್ಬುಮ್' ಎಂಬ ದಸ್ತಾವೇಜು ಗ್ರಂಥದ ಬಾಗಿಲು ಎಲ್ಲ ವಿಶ್ವಾಸಿಗಳಿಗೂ ಅಗಲವಾಗಿ ತೆರೆದಿರಬೇಕೆಂದು ವಿಧಿಸಿತು. ಹೀಗೆ ಇಂದು ಮನೆಯ ಕಪಾಟಿನಲ್ಲಿ ಇರುವ ಕನ್ನಡ ಬೈಬಲ್ ದೀರ್ಘ ಹೋರಾಟದ ಫಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಗೌರವದಿಂದ ಇಟ್ಟರೆ ಮಾತ್ರ ಸಾಲದು.

ವಚನವೂ ಗ್ರಂಥವೂ

ಮನೆಯ ಓದುಗ ಎದುರಿಸುವ ಮೊದಲ ತೊಡಕು ಪಠ್ಯದ ವಿಭಜನೆಯದು. ಬೈಬಲಿನ ಅಧ್ಯಾಯಗಳೂ ವಾಕ್ಯಸಂಖ್ಯೆಗಳೂ ಮೂಲ ಲೇಖಕರು ಮಾಡಿದವಲ್ಲ. ಇಂದಿನ ಅಧ್ಯಾಯ ವಿಭಾಗ 13ನೆಯ ಶತಮಾನದ ಆದಿಭಾಗದ ಸ್ಟೀಫನ್ ಲ್ಯಾಂಗ್ಟನನಿಗೆ ಸಲ್ಲುತ್ತದೆ. ಹೊಸ ಒಡಂಬಡಿಕೆಯ ವಾಕ್ಯಸಂಖ್ಯೆಗಳನ್ನು ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ 1551ರಲ್ಲಿ ಅಳವಡಿಸಿದನು. ಉಲ್ಲೇಖಕ್ಕೆ ಅನುಕೂಲವಾದ ಈ ಸಂಖ್ಯೆಗಳು ಓದಿಗೆ ಒಂದು ಅಪಾಯವನ್ನೂ ತಂದವು: ಪ್ರತಿಯೊಂದು ವಾಕ್ಯವೂ ಸ್ವತಂತ್ರ ಎಂಬ ಭ್ರಮೆ.

ಕನ್ನಡ ಓದುಗನಿಗೆ ಈ ಭ್ರಮೆ ಇನ್ನೂ ಸುಲಭ. ಬೈಬಲಿನ ಸಂಖ್ಯಾಬದ್ಧ ವಾಕ್ಯವನ್ನು ಸಭೆಯ ರೂಢಿಯಲ್ಲಿ 'ವಚನ' ಎಂದೂ ಕರೆಯುತ್ತಾರೆ. ಕನ್ನಡ ಸಾಹಿತ್ಯದಲ್ಲಿ ವಚನವೆಂದರೆ ಶರಣರ ವಚನ: ಅದಕ್ಕೆ ತನ್ನದೇ ಆರಂಭವಿದೆ, ಅಂಕಿತದಲ್ಲಿ ಮುಕ್ತಾಯವಿದೆ, ಅದೊಂದು ಮುಕ್ತಕ. ಬೈಬಲಿನ ವಚನಕ್ಕೆ ಈ ಸ್ವಯಂಪೂರ್ಣತೆ ಇಲ್ಲ. ಜ್ಞಾನೋಕ್ತಿಗಳ ಬಹುಭಾಗವನ್ನು ಬಿಟ್ಟರೆ ಉಳಿದೆಡೆ ಅದು ಕಥನದ, ವಾದದ, ಪತ್ರದ ಅಥವಾ ಗೀತದ ಒಂದು ತುಣುಕು. ಹೆಸರು ಒಂದೇ ಆದುದರಿಂದ ಪ್ರಕಾರವೂ ಒಂದೇ ಎಂದು ತಿಳಿಯಬಾರದು. ಆದ್ದರಿಂದ ಗೃಹಾಧ್ಯಯನದ ಮೊದಲ ನಿಯಮ ಇಷ್ಟೆ: ವಾಕ್ಯವನ್ನು ಬಿಡಿಸಿ ನೋಡುವ ಮುನ್ನ ಪುಸ್ತಕವನ್ನು ಇಡಿಯಾಗಿ ಓದಬೇಕು.

ಸ್ಥಾನವೂ ಅರ್ಥವನ್ನು ರೂಪಿಸುತ್ತದೆ ಎಂಬುದಕ್ಕೆ ರೂತಳ ಪುಸ್ತಕವೇ ಸಾಕ್ಷಿ. ಕನ್ನಡ ಬೈಬಲಿನಲ್ಲಿ ಅದು ನ್ಯಾಯಸ್ಥಾಪಕರು ಎಂಬ ಪುಸ್ತಕದ ನಂತರ, ಸಮುವೇಲನ ಪುಸ್ತಕಗಳ ಮೊದಲು ಬರುತ್ತದೆ. ಕತೆ ನ್ಯಾಯಸ್ಥಾಪಕರ ಕಾಲದಲ್ಲಿ ನಡೆಯುವುದರಿಂದಲೂ ದಾವೀದನ ವಂಶಾವಳಿಯಲ್ಲಿ ಮುಗಿಯುವುದರಿಂದಲೂ ಈ ಕ್ರಮ ಸಹಜವಾಗಿ ತೋರುತ್ತದೆ. ಹೀಬ್ರೂ ಬೈಬಲಿನಲ್ಲಾದರೋ ಅದು ಕೊನೆಯ ಭಾಗವಾದ 'ಬರಹಗಳು' ಎಂಬ ವಿಭಾಗಕ್ಕೆ ಸೇರಿದೆ. ಯೆಹೂದ್ಯರು ಅದನ್ನು ವಾರಗಳ ಹಬ್ಬದಂದು, ಅಂದರೆ ಗೋದಿಯ ಸುಗ್ಗಿಯೊಡನೆ ಸಂಬಂಧವಿರುವ ಹಬ್ಬದಂದು ಓದುತ್ತಾರೆ. ಒಂದು ಕ್ರಮದಲ್ಲಿ ಅದು ರಾಜವಂಶದ ಪೀಠಿಕೆ. ಇನ್ನೊಂದರಲ್ಲಿ ಸುಗ್ಗಿಯ ಕತೆ. ಎರಡೂ ಸರಿಯೇ.

ಅಧ್ಯಯನದ ಕ್ರಮ: ನೋಡುವುದು

ಎರಡನೆಯ ಓದು ಕೈಯಲ್ಲಿ ಪೆನ್ಸಿಲ್ ಹಿಡಿದು ಮಾಡುವ ಓದು. ಅರ್ಥ ಹೇಳುವ ಆತುರವನ್ನು ತಡೆದು, ಪಠ್ಯದಲ್ಲಿ ಏನಿದೆ ಎಂಬುದನ್ನಷ್ಟೇ ಗುರುತಿಸಬೇಕು. ಯಾರು ಮಾತನಾಡುತ್ತಾರೆ, ಯಾವ ಪದ ಮತ್ತೆ ಮತ್ತೆ ಬರುತ್ತದೆ, ಯಾವುದು ನಿರೀಕ್ಷೆಗೆ ವಿರುದ್ಧವಾಗಿದೆ ಎಂದು ಕೇಳುತ್ತ ಹೋದರೆ ಪಾಂಡಿತ್ಯವಿಲ್ಲದ ಓದುಗನಿಗೂ ಪಠ್ಯ ತೆರೆದುಕೊಳ್ಳುತ್ತದೆ.

ಉದಾಹರಣೆಗೆ, ರೂತಳ ಹೆಸರಿನೊಡನೆ 'ಮೋವಾಬ್ಯಳು' ಎಂಬ ವಿಶೇಷಣ ಐದು ಬಾರಿ ಬರುತ್ತದೆ. ಅವಳು ಬೇತ್ಲೆಹೇಮಿಗೆ ಬಂದಾಗ, ಹೊಲಕ್ಕೆ ಹೋಗಲು ಅನುಮತಿ ಕೇಳಿದಾಗ, ಹೊಲದಿಂದ ಮರಳಿ ಅತ್ತೆಯೊಡನೆ ಮಾತನಾಡುವಾಗ, ಊರ ಬಾಗಿಲಲ್ಲಿ ಹಿರಿಯರೆದುರು ಅವಳ ವಿಷಯ ಇತ್ಯರ್ಥವಾಗುವಾಗ ಎರಡು ಬಾರಿ. ಕತೆಗೆ ಬೇಕಾದ ಮಾಹಿತಿ ಮೊದಲ ಬಾರಿಗೇ ದೊರೆತಿದೆ. ಆದರೂ ಊರು ಅದನ್ನು ಮರೆಯಗೊಡುವುದಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ಬೋವಜನು ಅವಳನ್ನು ವರಿಸಿದಾಗ ಮಾತ್ರ ವಿಶೇಷಣ ಕಳಚಿ ಬೀಳುತ್ತದೆ. ಅವಳು ಬರಿಯ ರೂತಳು. ಇದನ್ನು ಕಾಣಲು ಯಾವ ಭಾಷ್ಯವೂ ಬೇಕಿಲ್ಲ. ಎಣಿಸುವ ತಾಳ್ಮೆ ಸಾಕು.

ಇನ್ನೊಂದು ಸಂಗತಿ. ಈ ಪುಸ್ತಕದಲ್ಲಿ ಎಲ್ಲರೂ ದೇವರ ಹೆಸರು ಹೇಳುತ್ತಾರೆ, ಹರಸುತ್ತಾರೆ, ದೂರುತ್ತಾರೆ. ಆದರೆ ದೇವರು ಏನನ್ನಾದರೂ ಮಾಡಿದನೆಂಬ ವರದಿ ಕಥನದಲ್ಲಿ ಬರುವುದು ಎರಡೇ ಕಡೆ: ತನ್ನ ಜನರಿಗೆ ಆಹಾರ ಕೊಟ್ಟನೆಂಬ ಸುದ್ದಿ ಮೋವಾಬಿನಲ್ಲಿದ್ದ ನೊವೊಮಿಗೆ ತಲಪಿದಾಗ, ಕೊನೆಯಲ್ಲಿ ರೂತಳು ಗರ್ಭ ಧರಿಸಿದಾಗ. ಅನ್ನ ಮತ್ತು ಸಂತಾನ ಎಂಬ ಈ ಎರಡು ವರಗಳ ನಡುವೆ ನಡೆಯುವುದೆಲ್ಲ ಮನುಷ್ಯರ ನಡವಳಿಕೆ. ಅವಳು ಬೋವಜನ ಹೊಲಕ್ಕೇ ಬಂದದ್ದನ್ನು ಸಹ ನಿರೂಪಕ ಆಕಸ್ಮಿಕವೆಂಬಂತೆ ಹೇಳುತ್ತಾನೆ.

ಅಧ್ಯಯನದ ಕ್ರಮ: ಹೋಲಿಸುವುದು

ಮೂರನೆಯ ಹಂತದಲ್ಲಿ ಗ್ರಂಥದ ಒಂದು ಭಾಗವನ್ನು ಇನ್ನೊಂದರೊಡನೆ ಇಟ್ಟು ನೋಡಬೇಕು. ಬೈಬಲಿನ ಪುಟದ ಅಂಚಿನಲ್ಲಿಯೋ ಅಡಿಯಲ್ಲಿಯೋ ಕೊಡುವ ಸಮಾನ ವಾಕ್ಯಗಳ ಸೂಚನೆ ಇದಕ್ಕೆ ನೆರವಾಗುತ್ತದೆ. ಯಾಜಕಕಾಂಡದ 19ನೆಯ ಅಧ್ಯಾಯವೂ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವೂ ಹೊಲದ ಅಂಚನ್ನು ಪೂರ್ತಿ ಕೊಯ್ಯಬಾರದು, ಉಳಿದದ್ದನ್ನು ಬಡವರಿಗೂ ಪರದೇಶಿಗಳಿಗೂ ಅನಾಥರಿಗೂ ವಿಧವೆಯರಿಗೂ ಬಿಡಬೇಕು ಎಂದು ವಿಧಿಸುತ್ತವೆ. ರೂತಳು ಬಡವಳು, ಪರದೇಶದವಳು, ವಿಧವೆ. ನಿಯಮ ಯಾರಿಗಾಗಿ ಬರೆಯಲ್ಪಟ್ಟಿತೋ ಅಂಥವಳೇ ಹೊಲದಲ್ಲಿ ನಿಂತಿದ್ದಾಳೆ. ಬೋವಜನು ನಿಯಮ ಹೇಳಿದಷ್ಟಕ್ಕೆ ನಿಲ್ಲದೆ, ಸಿವುಡುಗಳ ನಡುವೆಯೂ ಅವಳಿಗೆ ಆಯಲು ಬಿಟ್ಟು, ಬೇಕೆಂದೇ ತೆನೆಗಳನ್ನು ಉದುರಿಸಲು ಆಳುಗಳಿಗೆ ಹೇಳುತ್ತಾನೆ. ನಿಯಮಕ್ಕೂ ಔದಾರ್ಯಕ್ಕೂ ಇರುವ ಅಂತರ ಈ ಹೋಲಿಕೆಯಿಂದ ಮಾತ್ರ ಸ್ಪಷ್ಟವಾಗುತ್ತದೆ.

ಹೋಲಿಕೆ ಯಾವಾಗಲೂ ಹೊಂದಾಣಿಕೆಯನ್ನೇ ತೋರಿಸಬೇಕೆಂದಿಲ್ಲ. ಧರ್ಮೋಪದೇಶಕಾಂಡದ 25ನೆಯ ಅಧ್ಯಾಯದಲ್ಲಿ ಸತ್ತವನ ಹೆಂಡತಿಯನ್ನು ವರಿಸಬೇಕಾದವನು ಒಟ್ಟಿಗೆ ವಾಸಿಸುವ ಸಹೋದರ. ಅವನು ಒಪ್ಪದಿದ್ದರೆ ಆ ಸ್ತ್ರೀಯೇ ಅವನ ಕೆರವನ್ನು ಕಳಚಿ ಅವಮಾನಿಸುತ್ತಾಳೆ. ರೂತಳ ಪುಸ್ತಕದಲ್ಲಿ ಬೋವಜನು ಸಹೋದರನಲ್ಲ. ಕೆರವನ್ನು ಬಂಧುವೇ ಕಳಚಿ ಕೊಡುತ್ತಾನೆ. ಅದು ಅವಮಾನವಲ್ಲ, ವ್ಯವಹಾರದ ಗುರುತು. ಈ ಭೇದವನ್ನು ಮುಚ್ಚಿಹಾಕುವುದು ಭಕ್ತಿಯಲ್ಲ. ಪದ್ಧತಿಗಳು ಕಾಲದಿಂದ ಕಾಲಕ್ಕೆ, ಊರಿಂದ ಊರಿಗೆ ಬದಲಾಗುತ್ತವೆಂಬುದನ್ನು ಗ್ರಂಥವೇ ಒಪ್ಪುತ್ತದೆ. ಈ ಕೆರದ ಪದ್ಧತಿ ಹಿಂದಿನದು ಎಂದು ನಿರೂಪಕನೇ ವಿವರಿಸುತ್ತಾನೆ.

ಇದಕ್ಕಿಂತ ತೀವ್ರವಾದ ಪ್ರಶ್ನೆ ಇನ್ನೊಂದಿದೆ. ಧರ್ಮೋಪದೇಶಕಾಂಡದ 23ನೆಯ ಅಧ್ಯಾಯ ಮೋವಾಬ್ಯರು ಹತ್ತನೆಯ ತಲೆಯಾದರೂ ಸಭೆಗೆ ಸೇರಬಾರದೆಂದು ನಿಷೇಧಿಸುತ್ತದೆ. ಅರಣ್ಯದ ದಾರಿಯಲ್ಲಿ ಇಸ್ರಾಯೇಲ್ಯರಿಗೆ ಅವರು ಅನ್ನನೀರು ಕೊಡದಿದ್ದುದು ಅಲ್ಲಿ ಹೇಳಿದ ಕಾರಣಗಳಲ್ಲೊಂದು. ಎಜ್ರ ಮತ್ತು ನೆಹೆಮೀಯರ ಪುಸ್ತಕಗಳು ಅನ್ಯಜನಾಂಗದ ಹೆಂಡಿರನ್ನು ಕುರಿತು ಕಠಿಣವಾಗಿ ಮಾತನಾಡುತ್ತವೆ. ಅದೇ ಗ್ರಂಥಸಂಪುಟದಲ್ಲಿ ಮೋವಾಬಿನ ಹೆಣ್ಣೊಬ್ಬಳು ಇಸ್ರಾಯೇಲಿನ ಮುದುಕಿಗೆ ಅನ್ನ ತಂದು ಕೊಡುತ್ತಾಳೆ, ದಾವೀದನ ಮುತ್ತಜ್ಜಿಯಾಗುತ್ತಾಳೆ. ಈ ಪುಸ್ತಕದ ರಚನಾಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅರಸೊತ್ತಿಗೆಯ ಕಾಲದ್ದೆಂದು ಕೆಲವರು, ಸೆರೆಯಿಂದ ಮರಳಿದ ಮೇಲಿನದೆಂದು ಕೆಲವರು ವಾದಿಸುತ್ತಾರೆ. ಆ ವಾದ ಹೇಗೇ ಮುಗಿಯಲಿ, ಎರಡು ದನಿಗಳನ್ನೂ ಕೇಳಿಸಿಕೊಳ್ಳುವ ಹೊಣೆ ಮನೆಯ ಓದುಗನದು. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯ ಯೇಸುವಿನ ವಂಶಾವಳಿಯಲ್ಲಿ ರೂತಳ ಹೆಸರನ್ನು ಎತ್ತಿ ಹೇಳುವುದು ಈ ಚರ್ಚೆಯ ಬೆಳಕಿನಲ್ಲಿ ಹೆಚ್ಚು ಅರ್ಥಪೂರ್ಣವಾಗುತ್ತದೆ.

ಪದಗಳ ಮುಂದೆ ನಿಲ್ಲುವುದು

ನಾಲ್ಕನೆಯ ಹಂತ ಪದಗಳದು. ಇಲ್ಲಿ ಕನ್ನಡದ ಲಾಭನಷ್ಟಗಳೆರಡೂ ಕಾಣುತ್ತವೆ. ಎರಡನೆಯ ಅಧ್ಯಾಯದಲ್ಲಿ ಬೋವಜನು ರೂತಳನ್ನು ದೇವರ ರೆಕ್ಕೆಗಳ ಆಶ್ರಯಕ್ಕೆ ಬಂದವಳೆಂದು ಹರಸುತ್ತಾನೆ. ಮೂರನೆಯ ಅಧ್ಯಾಯದಲ್ಲಿ ರಾತ್ರಿ ಕಣದಲ್ಲಿ ರೂತಳು ಅವನ ಹೊದಿಕೆಯ ಅಂಚನ್ನು ತನ್ನ ಮೇಲೆ ಹರಡೆಂದು ಕೇಳುತ್ತಾಳೆ. ಹೀಬ್ರೂವಿನಲ್ಲಿ ಎರಡೂ ಕಡೆ ಇರುವುದು 'ಕಾನಾಫ್' ಎಂಬ ಒಂದೇ ಪದ. ಅದಕ್ಕೆ ರೆಕ್ಕೆಯೆಂದೂ ಬಟ್ಟೆಯ ಅಂಚೆಂದೂ ಅರ್ಥ. ನೀನು ದೇವರಿಗಾಗಿ ಹಾರೈಸಿದ್ದನ್ನು ನೀನೇ ಮಾಡು ಎಂಬ ಧ್ವನಿ ಆ ಪುನರುಕ್ತಿಯಲ್ಲಿದೆ. ಕನ್ನಡದಲ್ಲಿ 'ರೆಕ್ಕೆ'ಯೂ 'ಸೆರಗೂ' ಬೇರೆ ಬೇರೆ. ಈ ಧ್ವನಿಯನ್ನು ಹಿಡಿಯಲು ಟಿಪ್ಪಣಿಯ ನೆರವು ಬೇಕೇ ಬೇಕು. ಮೊದಲ ಅಧ್ಯಾಯದಲ್ಲಿ ನೊವೊಮಿ ತಾನು ಬರಿದಾಗಿ ಮರಳಿದೆನೆಂದು ಗೋಳಿಡುವಾಗಲೂ, ಮೂರನೆಯದರಲ್ಲಿ ಅತ್ತೆಯ ಬಳಿಗೆ ಹಾಗೇ ಹೋಗಬಾರದೆಂದು ಬೋವಜನು ಜವೆಗೋದಿ ಅಳೆದು ಕೊಡುವಾಗಲೂ ಮೂಲದಲ್ಲಿ ಇರುವ ಪದ ಒಂದೇ. ಇಲ್ಲಿ ಕನ್ನಡದ 'ಬರಿಗೈ' ಎಂಬ ಮಾತು ಎರಡೂ ಕಡೆಗೆ ಹೊಂದುತ್ತದೆ.

ಕನ್ನಡದ ನಿಜವಾದ ಶಕ್ತಿ ಕಾಣುವುದು ಹೊಲದಲ್ಲಿ. ಕೊಯ್ಲಾದ ಮೇಲೆ ಉದುರಿ ಉಳಿದ ತೆನೆಯನ್ನು ಆಯುವುದಕ್ಕೆ ಕನ್ನಡದಲ್ಲಿ 'ಹಕ್ಕಲು' ಎಂಬ ಪದವಿದೆ. ಇದು ಅನುವಾದಕ್ಕಾಗಿ ಕಟ್ಟಿದ ಪದವಲ್ಲ. ರೈತನ ಬಾಯಿಂದ ಬಂದದ್ದು. ಹಕ್ಕಲಾಯುವವರ ಬಾಗಿದ ಬೆನ್ನು, ಒಡೆಯನ ಗದರಿಕೆ, ಮಡಿಲು ತುಂಬದ ದಿನದ ನಿರಾಶೆ ಇವೆಲ್ಲ ಆ ಒಂದು ಪದದಲ್ಲಿ ಅಡಗಿವೆ. ಅದನ್ನು ಬಲ್ಲ ಅಜ್ಜಿ ರೂತಳನ್ನು ಕಾಣುತ್ತಾಳೆ. ಅರಿಯದ ಮೊಮ್ಮಗ ಕೇವಲ ಕತೆ ಕೇಳುತ್ತಾನೆ.

ಮತ್ತೆ ಕೆಲವು ಪದಗಳು ಪರಿಚಿತವೆಂಬ ಕಾರಣಕ್ಕೇ ದಾರಿ ತಪ್ಪಿಸುತ್ತವೆ. 'ನೀತಿ' ಎಂಬುದು ನಿತ್ಯದ ಕನ್ನಡದಲ್ಲಿ ಸದಾಚಾರ. ಬೈಬಲಿನಲ್ಲಿ ಅದು ದೇವರೊಡನೆಯೂ ನೆರೆಯವರೊಡನೆಯೂ ಸರಿಯಾದ ಸಂಬಂಧದಲ್ಲಿ ಇರುವುದನ್ನೂ ಒಳಗೊಂಡ ವಿಶಾಲಾರ್ಥದ ಪದ. 'ಅರಣ್ಯಕಾಂಡ' ಎಂಬ ಹೆಸರು ಕೇಳಿದೊಡನೆ ರಾಮಾಯಣ ನೆನಪಾಗುವುದು ಸಹಜ. ಹಳೆಯ ಅನುವಾದಕರು ಈ ನೆಲದ ಗ್ರಂಥಪರಂಪರೆಯಿಂದ ಪದಗಳನ್ನು ಪಡೆದರು. ಪಡೆದ ಪದದೊಡನೆ ಹಳೆಯ ಅರ್ಥದ ನೆರಳೂ ಬಂತು. ಆ ನೆರಳನ್ನು ಗುರುತಿಸುವುದು ಅಧ್ಯಯನದ ಭಾಗವೇ ಆಗಿದೆ.

ಹೊರನಾಡಿನ ಮನೆ

ಮುಂಬಯಿ, ಪುಣೆಯಂಥ ನಗರಗಳ ಕನ್ನಡ ಕ್ರೈಸ್ತ ಮನೆಗಳಲ್ಲಿ ಸಮಸ್ಯೆ ಇನ್ನೂ ಜಟಿಲ. ಹಿರಿಯರು ಕನ್ನಡದಲ್ಲಿ ಓದುತ್ತಾರೆ. ಮಕ್ಕಳು ಕನ್ನಡ ಮಾತನಾಡಿದರೂ ಲಿಪಿ ಬಾರದು. ಅವರ ಓದು ಇಂಗ್ಲಿಷ್, ಮರಾಠಿ ಅಥವಾ ಹಿಂದಿಯಲ್ಲಿ. ಒಂದೇ ಮನೆಯಲ್ಲಿ ಮೂರು ಭಾಷೆಯ ಬೈಬಲುಗಳಿರುವುದು ಅಪರೂಪವಲ್ಲ. ಇದನ್ನು ನಷ್ಟವೆಂದು ಮಾತ್ರ ಕಾಣಬೇಕಾಗಿಲ್ಲ. ಮೂಲಭಾಷೆ ಬಾರದ ಓದುಗನಿಗೆ ಅನುವಾದಗಳ ಹೋಲಿಕೆಯೇ ಅತ್ಯುತ್ತಮ ಸಾಧನ. ಒಂದೇ ವಾಕ್ಯವನ್ನು ಅಜ್ಜಿ ಕನ್ನಡದಲ್ಲಿ, ಸೊಸೆ ಮರಾಠಿಯಲ್ಲಿ, ಮೊಮ್ಮಗಳು ಇಂಗ್ಲಿಷಿನಲ್ಲಿ ಓದಿದಾಗ ಎಲ್ಲಿ ವ್ಯತ್ಯಾಸ ಕಾಣುತ್ತದೆಯೋ ಅಲ್ಲಿ ಪ್ರಶ್ನೆ ಹುಟ್ಟುತ್ತದೆ. ಪ್ರಶ್ನೆ ಹುಟ್ಟಿದ ಕಡೆಯಲ್ಲೇ ಅಧ್ಯಯನ ಆರಂಭವಾಗುತ್ತದೆ.

ಈ ಸಂದರ್ಭದಲ್ಲಿ ಪಂಡಿತಾ ರಮಾಬಾಯಿಯವರ ಸ್ಮರಣೆ ಉಚಿತ. 1858ರಲ್ಲಿ ಇಂದಿನ ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದ ಈ ಸಂಸ್ಕೃತ ವಿದುಷಿ ಮುಂದೆ ಪುಣೆಯ ಬಳಿಯ ಕೇಡಗಾಂವದಲ್ಲಿ ಅನಾಥ ಸ್ತ್ರೀಯರಿಗೂ ವಿಧವೆಯರಿಗೂ ಆಶ್ರಯ ಕಲ್ಪಿಸಿದರು. ಅವರು ಹೀಬ್ರೂ ಗ್ರೀಕ್ ಭಾಷೆಗಳನ್ನು ಕಲಿತು, ಸಾಮಾನ್ಯ ಸ್ತ್ರೀಯರಿಗೂ ತಿಳಿಯುವ ಸರಳ ಮರಾಠಿಯಲ್ಲಿ ಇಡೀ ಬೈಬಲನ್ನು ಅನುವಾದಿಸುವ ಕೆಲಸವನ್ನು 1922ರಲ್ಲಿ ನಿಧನರಾಗುವ ಮುನ್ನ ಪೂರೈಸಿದರು. ಕನ್ನಡನಾಡಿನಲ್ಲಿ ಹುಟ್ಟಿ ಮಹಾರಾಷ್ಟ್ರದಲ್ಲಿ ದುಡಿದ ಅವರ ಬದುಕು ಗ್ರಂಥಾಧ್ಯಯನ ವಿದ್ಯಾಲಯದ ಗೋಡೆಗಳಾಚೆಗೂ ನಡೆಯಬಲ್ಲದೆಂಬುದಕ್ಕೆ ಪ್ರಬಲ ನಿದರ್ಶನ.

ಅನ್ವಯದ ಹೊಣೆ

ಕೊನೆಯ ಹಂತ ಅನ್ವಯ. ಅಧ್ಯಯನದ ಪ್ರಾಮಾಣಿಕತೆ ಪರೀಕ್ಷೆಗೊಳಗಾಗುವುದು ಇಲ್ಲಿಯೇ. ನಮ್ಮ ಸಮಾಜದಲ್ಲಿ ರೂತಳನ್ನು ಅತ್ತೆಗೆ ವಿಧೇಯಳಾದ ಸೊಸೆಯ ಮಾದರಿಯೆಂದು ಮುಂದಿಡುವುದು ಸುಲಭ. ಪಠ್ಯ ಹೇಳುವುದು ಬೇರೆ. ನೊವೊಮಿ ಸೊಸೆಯರಿಗೆ ಮತ್ತೆ ಮತ್ತೆ ಹೇಳುವುದು ತವರಿಗೆ ಮರಳಿರೆಂದು. ಆ ಮಾತಿಗೆ ವಿಧೇಯಳಾದವಳು ಒರ್ಫಾ. ರೂತಳು ಮಾಡಿದ್ದು ಅವಿಧೇಯತೆ. ಅವಳ ನಿಷ್ಠೆ ಹೇರಿದ್ದಲ್ಲ, ಆರಿಸಿಕೊಂಡದ್ದು. ಮರಳಿಹೋದ ಒರ್ಫಾಳನ್ನು ನಿರೂಪಕ ಒಂದು ಮಾತಿನಿಂದಲೂ ನಿಂದಿಸುವುದಿಲ್ಲ. ಇನ್ನೊಂದೆಡೆ, ತನ್ನ ಸ್ವಾಸ್ತ್ಯಕ್ಕೆ ಹಾನಿಯಾದೀತೆಂದು ಹೊಣೆಯಿಂದ ಹಿಂಜರಿದ ಸಮೀಪದ ಬಂಧುವಿಗೆ ಕತೆಯಲ್ಲಿ ಹೆಸರೇ ಇಲ್ಲ. ಮೂಲದಲ್ಲಿ ಅವನು ಬರಿಯ 'ಇಂಥವನು'. ಮನೆಯಲ್ಲಿ ಯಾರನ್ನು ಸುಮ್ಮನಾಗಿಸಲು ಗ್ರಂಥವನ್ನು ಬಳಸುತ್ತೇವೋ ಅವರ ಪರವಾಗಿಯೇ ಗ್ರಂಥ ನಿಂತಿರುವುದುಂಟು. ಎಚ್ಚರದ ಓದಿನಿಂದ ಒಬ್ಬ ಸೊಸೆಗಾದರೂ ಆಗುವ ಅನ್ಯಾಯ ತಪ್ಪಿದರೆ ಆ ಓದು ಸಾರ್ಥಕ.

ಇದರೊಡನೆ ಗೃಹಾಧ್ಯಯನದ ಮಿತಿಗಳನ್ನೂ ಅರಿತಿರಬೇಕು. ಒಂಟಿಯಾಗಿ ಓದುವವನು ತನ್ನ ಅಭಿಪ್ರಾಯವನ್ನೇ ಗ್ರಂಥದ ಬಾಯಲ್ಲಿ ಹೇಳಿಸುವ ಸಾಧ್ಯತೆಯಿದೆ. ಇದಕ್ಕೆ ಮದ್ದು ಮೂರು: ಮನೆಯ ಇತರರೊಡನೆ ಚರ್ಚೆ, ಸಭೆಯ ಅನುಭವಸ್ಥರ ಮಾತು, ಒಳ್ಳೆಯ ವ್ಯಾಖ್ಯಾನ. ವ್ಯಾಖ್ಯಾನವನ್ನು ಮೊದಲು ತೆರೆಯಬಾರದು. ಸ್ವಂತ ಪ್ರಶ್ನೆಗಳು ಕಾಗದದ ಮೇಲೆ ಬಂದ ಮೇಲೆ ತೆರೆಯಬೇಕು.

ಸಮಾರೋಪ

ಇಡಿಯಾಗಿ ಓದುವುದು, ಗುರುತಿಸುವುದು, ಹೋಲಿಸುವುದು, ಪದವನ್ನು ವಿಚಾರಿಸುವುದು, ಬಾಳಿಗೆ ಅನ್ವಯಿಸುವುದು ಎಂಬ ಈ ಕ್ರಮ ಭಾರತೀಯ ಪರಂಪರೆಯ ಶ್ರವಣ, ಮನನ, ನಿದಿಧ್ಯಾಸನಗಳಿಗೂ, 12ನೆಯ ಶತಮಾನದ ಕ್ರೈಸ್ತ ಸನ್ಯಾಸಿ ಎರಡನೆಯ ಗಿಗೋ ಹೇಳಿದ ಪಠನ, ಧ್ಯಾನ, ಪ್ರಾರ್ಥನೆ, ದರ್ಶನಗಳೆಂಬ ನಾಲ್ಕು ಮೆಟ್ಟಿಲುಗಳಿಗೂ ದೂರದ್ದಲ್ಲ. ಇದಕ್ಕೆ ಬೇಕಾದುದು ಒಂದು ಬೈಬಲ್, ಒಂದು ನೋಟುಪುಸ್ತಕ, ವಾರಕ್ಕೆ ಒಂದೆರಡು ಗಂಟೆಯ ಬಿಡುವು. ಭಾಷೆಯ ಉಳಿವಿನ ದೃಷ್ಟಿಯಿಂದಲೂ ಇದರ ಮಹತ್ವ ಕಡಿಮೆಯದಲ್ಲ. ಶಾಲೆಯಲ್ಲಿ ಕನ್ನಡ ಕಲಿಯದ ಮಗುವಿಗೆ ಲಿಪಿಯನ್ನು ಪರಿಚಯಿಸುವ ಕೊನೆಯ ಪುಸ್ತಕ ಹಲವು ಮನೆಗಳಲ್ಲಿ ಇದೇ ಆಗಿರಬಹುದು. ಅಜ್ಜಿಯ ಬೆರಳು 'ಹಕ್ಕಲು' ಎಂಬ ಪದದ ಮೇಲೆ ನಿಂತು, ಅದೇನೆಂದು ಮಗು ಕೇಳಿ, ಅವಳು ತನ್ನೂರಿನ ಹೊಲವನ್ನು ವಿವರಿಸಿದಾಗ ಧರ್ಮಗ್ರಂಥದ ಅಧ್ಯಯನವೂ ಭಾಷೆಯ ಅಧ್ಯಯನವೂ ಒಂದೇ ಕೆಲಸವಾಗುತ್ತವೆ. ಸುಗ್ಗಿ ಮುಗಿದ ಹೊಲದಲ್ಲಿಯೂ ಆಯುವವರಿಗೆ ತೆನೆಗಳು ಸಿಗುತ್ತವೆಂಬುದನ್ನು ರೂತಳ ಕತೆಯೇ ಕಲಿಸುತ್ತದೆ.